ಮಡಿ ಪಂಚೆಯ ಸಾಕ್ಷಿ

ಮೊನ್ನೆ ಮೆಟ್ಟಿಲು ಹತ್ತುವಾಗ ಯಾರದೋ ಮನೆಯಿಂದ ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ ಬೇಯುವ ಪರಿಮಳ ಬಂತು. ಅಲ್ಲೇ ನಿಂತುಬಿಟ್ಟೆ. ಎದುರುಮನೆಯ ಗುಜರಾತಿ ಮಾಸಿ ಬುತ್ತಿ ಕಟ್ಟಿಕೊಂಡು ಕೋರ್ಟಿಗೆ ಹೊರಡುವ ದಿನಗಳಲ್ಲೆಲ್ಲ ಇದೇ ಪರಿಮಳ...

ಎಲ್ಲರಿಗೂ ಚಿಕ್ಕಮ್ಮನಂತಿದ್ದ ಮಾಸಿ ನಿವೃತ್ತ ಟೀಚರು. ವಟ್ವಾದ ನಮ್ಮ ವಸತಿ ಸೊಸೈಟಿಯ ಬೋರಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಹಿಂಬದಿಯ ಬಣ್ಣದ ಕಾರ್ಖಾನೆಯ ಹೆಸರು ಹೇಳಿ ಪತ್ರಿಕೆಗೆ ಬರೆದವರು ಅವರೊಬ್ಬರೇ. ಕಾರ್ಖಾನೆಯವರು ಮಾನನಷ್ಟದ ಮೊಕದ್ದಮೆ ಹೂಡಿದರು. ‘ಬರೆದದ್ದು ಸುಳ್ಳು, ಕ್ಷಮಿಸಿ’ ಎಂದು ಸಹಿ ಹಾಕಿದರೆ ಕೇಸು ವಾಪಸ್, ಇಲ್ಲವಾದರೆ ಇರುವ ಮನೆಯೂ ಹೋದೀತು ಎಂದು ಹೆದರಿಸಿದರು. ಆಮೇಲೆ ಸೊಸೈಟಿಯಲ್ಲಿ ನೀರಿನ ಮಾತೇ ನಿಂತಿತು. ನಾನೂ ಬಾಯಿ ಮುಚ್ಚಿಕೊಂಡೆ.

ಆದರೆ ನಮ್ಮ ಮನೆಯಲ್ಲೊಂದು ಸಾಕ್ಷಿಯಿತ್ತು. ಯಜಮಾನರು ಪೂಜೆಗೆ ಉಡುವ ಬಿಳಿ ಪಂಚೆ ಆ ನೀರಲ್ಲಿ ಒಗೆದದ್ದೇ ಗುಲಾಬಿಯಾಗಿತ್ತು. ಮಾಸಿಗೆ ಕೊಡಲೇ ಎಂದು ಅವರನ್ನು ಕೇಳಿದೆ.

"ನಮ್ಮದು ಹೋಟೆಲು ಮಾರಾಯ್ತಿ. ನಾಳೆ ನಮ್ಮ ಮೇಲೂ ಕೇಸು ಹಾಕಿದ್ರೆ?" ಎಂದರು.

ಮೂರು ದಿನ ದೇವರ ಮುಂದೆ ಕೂತು ಬೇಡಿಕೊಂಡೆ. ನಾಲ್ಕನೇ ದಿನ ಅವರೇ ಪಂಚೆ ಮಡಚಿ ತಂದರು. "ಇದನ್ನು ಉಟ್ಟು ಪೂಜೆಗೆ ಕೂರ್ಲಿಕ್ಕೆ ನಾಚಿಕೆ ಆಗ್ತದೆ. ಕೊಟ್ಟು ಬಾ."

ಪಂಚೆಯ ಜೊತೆ ನಾನೂ ಕಟಕಟೆ ಹತ್ತಬೇಕಾಯಿತು. ಹೆದರುತ್ತಲೇ ಹತ್ತಿದೆ. ಕಾರ್ಖಾನೆಯ ವಕೀಲರು ನಕ್ಕು, "ಕೆಂಪು ಸೀರೆ ಜೊತೆ ನೆನೆಹಾಕಿರ್ತೀರಿ, ಬೆನ್," ಎಂದು ಅಕ್ಕನಿಗೆ ಹೇಳುವ ಹಾಗೆ ಹೇಳಿದರು.

ನನಗೆ ಹೆದರಿಕೆಯೇ ಮರೆತುಹೋಯಿತು. "ಸಾಹೇಬ್, ಅದು ಮಡಿ ಪಂಚೆ. ಬೇರೆ ಬಕೆಟು, ಬೇರೆ ಹಗ್ಗ. ಒಣಗುವಾಗ ಮಕ್ಕಳೂ ಮುಟ್ಟುವ ಹಾಗಿಲ್ಲ. ಸೀರೆ ಜೊತೆ ನೆನೆಹಾಕ್ತೇನಾ?" ಹರಕು ಹಿಂದಿಯಲ್ಲೇ ಒಗೆಯುವ ಕ್ರಮವನ್ನೆಲ್ಲ ಹೇಳಿದೆ. ನ್ಯಾಯಾಧೀಶರು ಬರೆಸಿಕೊಂಡರು.

ಹೊರಗೆ ಬಂದ ಮೇಲೆ ಮಾಸಿ ನನ್ನ ಗಲ್ಲ ಹಿಂಡಿದರು. "ನಿನ್ನ ಮಡಿ ಕಂಡು ಎಷ್ಟು ನಕ್ಕಿದ್ದೆ, ಬೇಟಾ. ಇನ್ನು ನಿನ್ನ ಹಗ್ಗದ ಹತ್ತಿರ ಕಾಗೆಯನ್ನೂ ಬಿಡಲ್ಲ."

ಕೋರ್ಟಿನ ಇನ್ನೆರಡು ತಾರೀಖು ಕಳೆದು ಕಾರ್ಖಾನೆಯವರೇ ಕೇಸು ಹಿಂತೆಗೆದುಕೊಂಡರು. ಮಾಸಿ ಕ್ಷಮೆಗೆ ಸಹಿ ಹಾಕಲೇ ಇಲ್ಲ. ನವರಾತ್ರಿ ಅಲ್ಲದಿದ್ದರೂ ಆ ಸಂಜೆ ಅಂಗಳದಲ್ಲಿ ಗರ್ಬಾ ಆಡಿಸಿದರು. ಯಜಮಾನರು ಹೋಟೆಲಿಂದ ಶೀರಾ ಕಳಿಸಿದರು. ಅಷ್ಟು ಕುಣಿದರೂ ನನ್ನ ಮಂಡಿ ಅಂದು ನೋಯಲಿಲ್ಲ, ದೇವರು ದೊಡ್ಡವನು.

ಮಾಸಿ ಹೋಗಿ ಎರಡು ವರ್ಷ. ನರಳದೆ ಹೋದರು, ಅದೂ ಅವನ ದಯೆ. ನೀರು ಈಗ ತಿಳಿಯಾಗಿದೆ, ಕಾರ್ಖಾನೆಯ ಹೊಗೆ ಇನ್ನೂ ಇದೆ. ಕಳೆದ ವಾರ ಅದರ ಮೇಲೊಂದು ದೂರು ಬರೆದು, ಮೊದಲ ಸಹಿ ಯಾರದೆಂದು ಸೊಸೈಟಿಯವರೆಲ್ಲ ಮುಖ ಮುಖ ನೋಡಿಕೊಂಡರು. ಆ ಜಾಗ ಮಾಸಿಯದು... ಅವರಿಲ್ಲವಲ್ಲ. ಕಾಗದ ನನ್ನ ಕಡೆಗೆ ಎಳೆದುಕೊಂಡೆ. ನನ್ನ ಹೆಸರಿನ ಕೆಳಗೆ ಯಜಮಾನರು ಕೇಳದೆಯೇ ಸಹಿ ಹಾಕಿದರು.