ಉಳಿದ ಹತ್ತು ನಿಮಿಷ

ಅವರ ಎರಡು ಮೊಣಕಾಲುಗಳ ನಡುವೆ ಒಂದು ಫುಟ್‌ಬಾಲ್ ಸಲೀಸಾಗಿ ಉರುಳಿ ಹೋಗುತ್ತಿತ್ತು. ಬೆಂಗಳೂರಿನ ಗೌತಮಪುರದ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದ, ಬಿಲ್ಲಿನಂತೆ ಹೊರಕ್ಕೆ ಬಾಗಿದ ಕಾಲುಗಳು. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಕನ್ನಡದವರ ಯಾವ ಹುಟ್ಟುಹಬ್ಬಕ್ಕೆ ಹೋದರೂ ಕೇಕ್ ಕತ್ತರಿಸಿದ ಮೇಲೆ ಯಾರಾದರೊಬ್ಬರು, "ಏಯ್, ರೆಫ್ರಿ ಅಂಕಲ್ ಮಾಡೋ" ಎನ್ನುವರು. ನಾನು ಆ ಕಾಲುಗಳನ್ನು ತೊಟ್ಟುಕೊಂಡು ಹಾಲ್ ತುಂಬ ಓಡುವೆ. ನಾನು ಅಣಕಿಸುವವರ ಪಟ್ಟಿಯಲ್ಲಿ ಎಲ್ಲರೂ ಇದ್ದರು. ಸ್ವೀಡಿಷ್ ಮಾತಾಡುವ ಅಪ್ಪ, ಫೋನಿನಲ್ಲಿ ದಾಗಿಸ್ ಎಂಬ ಶಿಶುವಿಹಾರದ ಟೀಚರಿಗೆ ಮಗುವಿನ ಊಟದ ವಿಷಯ ವಿವರಿಸುವ ಆಂಟಿಯರು, ಚೆಂಡು ಬಲಕ್ಕೆ ಬಂದಾಗ ಎಡಕ್ಕೆ ಹಾರುವ ಗೋಲ್‌ಕೀಪರ್ ಆದ ನಾನು. ಎಲ್ಲರೂ ನಗುತ್ತಿದ್ದರು. ರೆಫ್ರಿ ಅಂಕಲ್ ಮಾತ್ರ ಕೈಕಟ್ಟಿ ಕೊನೆಯವರೆಗೂ ನೋಡಿ, "ಎಡಗಾಲು ಇನ್ನೂ ಸ್ವಲ್ಪ ಎಳೀಬೇಕು ಕಣೋ. ಅದರಲ್ಲಿ ಪೆಟ್ಟಿದೆ" ಎಂದು ತಿದ್ದುತ್ತಿದ್ದರು.

ವಾರವೆಲ್ಲ ಟ್ರಕ್ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆ ಮಾಡುವ ಕೆಲಸ. ಶನಿವಾರ, ಭಾನುವಾರ ಊರಿನ ಮಕ್ಕಳ ಪಂದ್ಯಗಳಿಗೆ ರೆಫ್ರಿ. ಎಡಗೈಯಲ್ಲಿ ಎರಡು ವಾಚು, ಒಂದು ನಿಲ್ಲಿಸುವುದಕ್ಕೆ, ಒಂದು ನಿಲ್ಲದೆ ಓಡುವುದಕ್ಕೆ. ಬೇಲಿಯಾಚೆಯಿಂದ ಅಪ್ಪಂದಿರು ಕೂಗಾಡಿದರೆ ಆಟ ನಿಲ್ಲಿಸಿ ಅವರ ಹತ್ತಿರ ನಡೆದು ಹೋಗಿ ಮೆಲ್ಲಗೆ ಏನೋ ಹೇಳಿ ಬರುತ್ತಿದ್ದರು. ಆಮೇಲೆ ಆ ಅಪ್ಪ ಫ್ಲಾಸ್ಕಿನ ಕಾಫಿಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ. ಏನು ಹೇಳಿದಿರಿ ಎಂದು ನಾನು ಕೇಳಿದರೆ, "ಅದು ನನಗೂ ಅವರಿಗೂ ಇರೋ ಮಾತು" ಎನ್ನುತ್ತಿದ್ದರು.

ಪ್ರತಿ ವರ್ಷ ರಾಜ್ಯೋತ್ಸವದ ಹತ್ತಿರದ ಭಾನುವಾರ ಲಿಂಕೋಪಿಂಗ್‌ನ ಕನ್ನಡದವರಿಗೂ ನಮಗೂ ಒಂದು ಪಂದ್ಯ ಇರುತ್ತಿತ್ತು. ನಾನು ಹೇಳುತ್ತಿರುವ ವರ್ಷ ಅದು ಬಿದ್ದದ್ದು ಚಳಿಗಾಲದ ಸಮಯಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುವ ದಿನವೇ. ಫೋನುಗಳೆಲ್ಲ ತಾವಾಗಿಯೇ ತಿರುಗಿದ್ದವು. ಕತ್ತಲೂ ಒಂದು ಗಂಟೆ ಮೊದಲೇ ಬರುತ್ತದೆ ಎಂಬುದು ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾಡಗೀತೆ, ಸ್ವಾಗತ ಭಾಷಣ, ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಭಾಷಣ, ಕೋಲಾಟ, ಬಿಸಿಬೇಳೆಬಾತ್ ಎಲ್ಲ ಮುಗಿದು ಮೈದಾನಕ್ಕೆ ಬರುವ ಹೊತ್ತಿಗೆ ಸೂರ್ಯ ಮರಗಳ ಬುಡದಲ್ಲಿದ್ದ. ಲೈಟು ಬೇಕೆಂದು ಕೊಮ್ಯೂನ್‌ಗೆ, ಅಂದರೆ ಊರಿನ ನಗರಸಭೆಗೆ, ತಿಳಿಸಿಯೂ ಇರಲಿಲ್ಲ.

ನಾವು ಎರಡು, ಅವರು ಒಂದು. ಹತ್ತು ನಿಮಿಷ ಬಾಕಿಯಿದ್ದಾಗ ನನಗೆ ಚೆಂಡು ಕಾಣುವುದು ನಿಂತಿತು, ಅಂದರೆ ನನ್ನ ಆಟದಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಅಂಕಲ್ ಸೀಟಿ ಊದಿ ಒಂದು ವಾಚನ್ನು ನಿಲ್ಲಿಸಿದರು. ನಮ್ಮವರು ಕುಣಿಯತೊಡಗಿದರು.

"ಯಾಕ್ರೋ ಕುಣೀತೀರ? ಮ್ಯಾಚ್ ಮುಗಿದಿಲ್ಲ. ನಿಂತಿದೆ, ಅಷ್ಟೇ."

"ಹತ್ತು ನಿಮಿಷದಲ್ಲಿ ಏನಾಗತ್ತೆ ಬಿಡಿ ಅಂಕಲ್, ಗೆದ್ವಿ ಅಂತ ಬರ್ಕೊಳ್ಳಿ" ಎಂದೆ ನಾನು.

ಕತ್ತಲಲ್ಲೇ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಅವರು ಒಂದು ಪಂದ್ಯದ ಕಥೆ ಹೇಳಿದರು. ವಿಕ್ಟೋರಿಯಾ ರಾಣಿಯ ಕೊನೆಯ ವರ್ಷಗಳು. ಇಂಗ್ಲೆಂಡಿನ ಎರಡು ದೊಡ್ಡ ಕ್ಲಬ್ಬುಗಳ ಲೀಗ್ ಪಂದ್ಯ. ನವೆಂಬರಿನ ಮಧ್ಯಾಹ್ನ, ರೆಫ್ರಿಯೇ ತಡವಾಗಿ ಬಂದಿದ್ದ. ಊರಿನವರು ಮುಂದಿದ್ದಾಗ, ಹತ್ತು ಚಿಲ್ಲರೆ ನಿಮಿಷ ಉಳಿದಿರುವಂತೆಯೇ ಕತ್ತಲಾಯಿತು. ಉಳಿದಷ್ಟನ್ನೂ ಆಡಲೇಬೇಕು ಎಂದಿತು ಲೀಗ್. ಎದುರಾಳಿಗಳು ಮಾರ್ಚ್ ತಿಂಗಳಲ್ಲಿ ಅಷ್ಟೇ ನಿಮಿಷಕ್ಕಾಗಿ ಮತ್ತೆ ಆ ಊರಿಗೆ ಬಂದರು. ಬಂದು, ಇನ್ನೊಂದು ಗೋಲು ತಿಂದು ಹೋದರು.

"ಬರದೇ ಇದ್ರೂ ಸೋಲ್ತಿದ್ರಲ್ಲ?" ಎಂದರು ಯಾರೋ.

"ಬಂದಿದ್ದಕ್ಕೆ ಸೋತರು. ಬರದೇ ಇದ್ದಿದ್ರೆ ಅದು ಸೋಲೂ ಅಲ್ಲ, ಗೆಲುವೂ ಅಲ್ಲ. ಮುಗೀದೇ ಇರೋದನ್ನ ಮುಗೀತು ಅಂದ್ರೆ ಸುಳ್ಳಾಗತ್ತೆ. ರೆಫ್ರಿ ತಪ್ಪು ಮಾಡಬಹುದು, ಸುಳ್ಳು ಹೇಳಬಾರದು."

ಅದೇ ಮೈದಾನ, ಅದೇ ಇಪ್ಪತ್ತೆರಡು ಜನ, ಎರಡು ಒಂದರಿಂದ ಮುಂದಕ್ಕೆ ಎಂದು ತೀರ್ಪಾಯಿತು. ಹುಲ್ಲಿನ ಮೈದಾನವನ್ನು ಕೊಮ್ಯೂನ್‌ನವರು ಚಳಿಗಾಲಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳಲ್ಲಿ. ನಾನು ಈ ತೀರ್ಪನ್ನೂ ಒಂದು ಐಟಂ ಮಾಡಿಕೊಂಡು ಎರಡು ಮನೆಗಳಲ್ಲಿ ನಗಿಸಿದೆ. ಜನವರಿಯಲ್ಲಿ ಅವರಿಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಮೇಲೆ ಆ ಐಟಂ ಮಾಡಲಿಲ್ಲ.

ಬೇಸಿಗೆಯನ್ನು ಕಾಣುವುದು ಕಷ್ಟ ಎಂದರು ಡಾಕ್ಟರು. ಅಂಕಲ್‌ಗೆ ಬೇಸಿಗೆ ಬೇಕಿರಲಿಲ್ಲ, ಆ ಹತ್ತು ನಿಮಿಷ ಬೇಕಿತ್ತು. ನೋಡಲು ಹೋದಾಗಲೆಲ್ಲ, "ಮೈದಾನದಲ್ಲಿ ಹಿಮ ಎಷ್ಟಿದೆ?" ಎಂದು ಕೇಳುತ್ತಿದ್ದರು. ಕೆಲಸ ಮುಗಿಸಿ ನಾನು ಆ ದಾರಿಯಲ್ಲೇ ಬರುತ್ತಿದ್ದೆ. ಪಾದ ಮುಳುಗುವಷ್ಟು ಎನ್ನುತ್ತಿದ್ದೆ, ಇವತ್ತು ಮೂಲೆಯಲ್ಲಿ ಮಾತ್ರ ಎನ್ನುತ್ತಿದ್ದೆ. ಪಕ್ಕದಲ್ಲೇ ಪ್ಲಾಸ್ಟಿಕ್ ಹುಲ್ಲಿನ ಮೈದಾನ ವರ್ಷವಿಡೀ ತೆರೆದಿರುತ್ತದೆ, ಅಲ್ಲೇ ಮುಗಿಸಿಬಿಡೋಣ ಎಂದು ಏಪ್ರಿಲ್‌ನಲ್ಲಿ ಅಂಕಲ್‌ನ ಹೆಂಡತಿ ಅತ್ತುಕೊಂಡು ಕೇಳಿದರು. "ಅಲ್ಲಿ ಮ್ಯಾಚ್ ಶುರುವಾಗಿಲ್ಲ ಕಣೇ" ಎಂದರು.

ಮೇ ತಿಂಗಳ ಮೊದಲ ಭಾನುವಾರ ಲಿಂಕೋಪಿಂಗ್‌ನಿಂದ ಮೂರು ಕಾರುಗಳಲ್ಲಿ ಹನ್ನೊಂದೂ ಜನ ಬಂದರು. ಅವರ ಕ್ಯಾಪ್ಟನ್, ಪಿಎಚ್‌ಡಿ ಮಾಡುತ್ತಿದ್ದ ಹುಬ್ಬಳ್ಳಿಯ ಹುಡುಗ, ಪರೀಕ್ಷೆಯೊಂದನ್ನು ಮುಂದಕ್ಕೆ ಹಾಕಿಸಿಕೊಂಡು ಬಂದಿದ್ದ. ಅಂಕಲ್‌ಗೆ ಓಡುವುದಿರಲಿ, ಸೀಟಿ ಊದುವ ಉಸಿರೂ ಇರಲಿಲ್ಲ. ನನ್ನ ಗೋಲಿನಿಂದ ಕಾಣುವಂತೆ, ಮಧ್ಯದ ಗೆರೆಯ ತುದಿಯಲ್ಲಿ ಮೈದಾನದ ಹೊರಗೆ, ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತರು. ಕೈ ಎತ್ತಿದರೆ ಆಟ ನಿಲ್ಲಿಸಬೇಕು ಎಂದು ಮಾತಾಯಿತು.

ಅವರು ಅಂದು ನಿಲ್ಲಿಸಿದ್ದ ವಾಚನ್ನು ಮತ್ತೆ ಓಡಿಸಿದರು. ಆ ಹತ್ತು ನಿಮಿಷ ಯಾರೂ ಕೂಗಲಿಲ್ಲ, ಯಾರೂ ಬಿದ್ದು ನಾಟಕ ಮಾಡಲಿಲ್ಲ. ಕೊನೆಗೆ ಹುಬ್ಬಳ್ಳಿಯ ಹುಡುಗ ನಮ್ಮ ಇಬ್ಬರನ್ನು ದಾಟಿ ನನ್ನೆದುರು ಬಂದು ಒದ್ದ. ನಾನು ಸರಿಯಾದ ಕಡೆಗೇ ಹಾರಿದೆ. ಬೆರಳಿಗೆ ತಾಗಿ ಚೆಂಡು ಒಳಹೋಯಿತು. ಅವನು ತಿರುಗಿ ನೋಡಿದರೆ ಅಂಕಲ್‌ನ ಕೈ ಮೇಲಿತ್ತು.

ಅವನು ಕುರ್ಚಿಯ ಹತ್ತಿರ ಹೋದ. ನಮ್ಮೊಡನೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದವನಿಗೆ ಆ ಹೊತ್ತಿನಲ್ಲಿ ಊರ ಮಾತೇ ಬಂತು. "ಅಂಕಲ್, ಕೈ ಮೊದ್ಲ ಎತ್ತಿದ್ರೋ, ಗೋಲ್ ಮೊದ್ಲ ಆತೋ, ಹೇಳ್ರಿ. ನೀವು ಹೇಳಿದ್ದ ಖರೆ."

"ನಾನು ವಾಚ್ ನೋಡ್ತಿದ್ದೆನಪ್ಪ. ಟೈಮ್ ಆಯ್ತು, ಕೈ ಎತ್ತಿದೆ. ಚೆಂಡು ನೋಡಿಲ್ಲ." ಅಂಕಲ್ ಉಸಿರು ತೆಗೆದುಕೊಂಡರು. "ಲೀಗ್ ಶುರುವಾದ ಕಾಲದಲ್ಲಿ ರೆಫ್ರಿ ಹೀಗೇ ವಾಚ್ ಇಟ್ಕೊಂಡು ಗೆರೆ ಹೊರಗೆ ಇರ್ತಿದ್ದ. ಒಳಗಿರೋರು ಕಂಡಿದ್ದನ್ನ ಹೇಳಬೇಕು." ಆಮೇಲೆ ನನ್ನನ್ನು ಕರೆದರು. "ನೀನು ನನ್ನ ಕಡೆಗೆ ಮುಖ ಮಾಡಿದ್ದೆ. ಏನು ಕಂಡೆ?"

ಎರಡೂ ಕಡೆಯವರು ನನ್ನನ್ನು ನೋಡಿದರು. ಜ್ವರ ಬಂದಿದೆ ಎಂದರೆ ಅಮ್ಮ ಕೂಡ ಯಾರನ್ನು ಅಣಕಿಸುತ್ತಿದ್ದೀಯ ಎಂದು ಕೇಳುವಂಥ ನನ್ನನ್ನು. ನಮ್ಮ ಕ್ಯಾಪ್ಟನ್ ಕೆಮ್ಮಿದ. ನಾನು ಕಂಡದ್ದು ಇಷ್ಟು: ಚೆಂಡು ಬೆರಳಿಗೆ ತಾಗಿ ಗೆರೆ ದಾಟುವಾಗ ಆ ಕೈ ಇನ್ನೂ ಕಂಬಳಿಯ ಮೇಲಿತ್ತು. ಏಳುವುದಕ್ಕೆ ಕಷ್ಟಪಡುತ್ತಿತ್ತು.

"ಗೋಲ್ ಮೊದಲು ಅಂಕಲ್."

ಅವರು ತಮಾಷೆಯೇನೋ ಎಂದು ನನ್ನ ಮುಖ ನೋಡಲಿಲ್ಲ, ಇನ್ನೊಬ್ಬರನ್ನು ಕೇಳಲಿಲ್ಲ. "ಗೋಲ್. ಎರಡು ಎರಡು. ಮ್ಯಾಚ್ ಮುಗೀತು" ಎಂದರು. ಇಪ್ಪತ್ತೆರಡು ಜನರೂ ಸಾಲಾಗಿ ಬಂದು ಅವರ ಕೈ ಕುಲುಕಿದೆವು.

ಜೂನ್ ಬರುವ ಮೊದಲೇ ಅವರು ತೀರಿಕೊಂಡರು. ಸೋಡರ್‌ಟೆಲ್ಯೆಯಲ್ಲಿ ನನ್ನ ಅಣಕಕ್ಕೆ ನಕ್ಕವರು ಬಹಳ ಜನ. ನನ್ನ ಮಾತನ್ನು ಕೇಳಿ, ಅದರ ಮೇಲೆ ತಮ್ಮ ಕೊನೆಯ ತೀರ್ಪನ್ನು ಇಟ್ಟವರು ಅವರೊಬ್ಬರೇ.