ರುಕ್ಮಯ್ಯಣ್ಣನ ಮನೆತನದ ಹಲ್ಲು

ನರಿಕೊಂಬಿನ ರುಕ್ಮಯ್ಯಣ್ಣ ಬಾಯಿ ತೆರೆದರೆ ಕುಟುಂಬದ ಉಳಿದವರು ಬಾಯಿ ಮುಚ್ಚಬೇಕು. ಮದುವೆ ಮಾತುಕತೆಯಿಂದ ಸಾಂಬಾರಿನ ಉಪ್ಪಿನವರೆಗೆ ಅಂತಿಮ ತೀರ್ಪು ಅವರದೇ. ಯಾರೂ ಚುನಾಯಿಸಿದ್ದಲ್ಲ, ಆದರೂ ಅಧ್ಯಕ್ಷರು.

ಅವರ ತಮ್ಮ ಧರ್ಣಪ್ಪ ಘಟ್ಟದ ಮೇಲೆ ಕೆಲಸ ಉಂಟು ಎಂದು ಹೊರಟವನು ಮೂರು ವರ್ಷದಿಂದ ಕಾಣೆ. ಹೆಂಡತಿ ಕಾಂತಿ ಮುತ್ತೈದೆಯೋ ವಿಧವೆಯೋ ಯಾರಿಗೂ ಗೊತ್ತಿಲ್ಲ. ಸೀಮಂತದ ಮನೆಯಲ್ಲಿ ಹೂವಿನ ತಟ್ಟೆ ಅವಳ ಮುಂದೆ ಬಂದು ಒಂದು ಕ್ಷಣ ತಡೆದು ನಿಲ್ಲುತ್ತಿತ್ತು. ಸತ್ತದ್ದು ಖಾತ್ರಿಯಾಗದೆ ಬೊಜ್ಜದ ಉತ್ತರಕ್ರಿಯೆಯನ್ನೂ ಮಾಡುವಂತಿಲ್ಲ.

ಚಾರ್ಮಾಡಿಯ ಕಣಿವೆಯಲ್ಲಿ ತಲೆಬುರುಡೆಯೊಂದು ಸಿಕ್ಕಿ, ಬೆಳ್ತಂಗಡಿಯ ಎಸ್ಸೈ ರುಕ್ಮಯ್ಯಣ್ಣನ ಮನೆಯ ಚಾವಡಿಗೆ ಬಂದು ಕುಳಿತರು.

“ಮೇಲಿನ ಎದುರು ಹಲ್ಲು ಒಂದಿಲ್ಲ. ಬದುಕಿರುವಾಗಲೇ ಹೋದದ್ದು, ಎಲುಬು ಕೂಡಿಕೊಂಡಿದೆ ಅಂತಾರೆ ಡಾಕ್ಟರು. ನಿಮ್ಮ ತಮ್ಮನಿಗೆ ಹಾಗಿತ್ತಾ?”

“ಛೆ ಛೆ! ನಮ್ಮ ಅಜ್ಜ ತೊಂಬತ್ತರಲ್ಲಿ ಕಬ್ಬು ಜಗಿದವರು ಸಾರ್. ನಮ್ಮ ಮನೆತನದಲ್ಲಿ ಹಲ್ಲು ಹೋದವರೇ ಇಲ್ಲ. ಇದು ಬೇರೆ ಯಾರೋ.”

ಚಹಾ ತಂದ ಕಾಂತಿ ಬಾಗಿಲಲ್ಲೇ ನಿಂತಳು. ಧರ್ಣಪ್ಪನ ಆ ಹಲ್ಲು ಕಟ್ಟಿಸಿದ್ದು. ಮಲಗುವಾಗ ತೆಗೆದು ಲೋಟದ ನೀರಿಗೆ ಹಾಕುತ್ತಿದ್ದ. ಸ್ವಂತದ್ದನ್ನು ಉದುರಿಸಿದ್ದು ಬೇಲಿ ಜಗಳದಲ್ಲಿ ಈ ಅಣ್ಣನದೇ ಕೈ. ಊರಿಗೆ ಹೇಳಿದ್ದು ಮಾತ್ರ ಏನೂ ಆಗಲಿಲ್ಲವೆಂದು.

“ಭಾವ, ಅವರಿಗೆ...”

“ನೀನು ಒಳಗೆ ಹೋಗು ಮಾರಾಯ್ತಿ. ಇಲ್ಲಿ ಮಾತಾಡ್ಲಿಕ್ಕೆ ಜನ ಉಂಟು.”

ಯಜಮಾನರ ಮಾತು ಸಾಕೆಂದು ಎಸ್ಸೈ ಚಹಾ ಮುಗಿಸಿ ಎದ್ದರು.

ಮರುದಿನ ಕಾಂತಿ ಒಬ್ಬಳೇ ಬಸ್ಸು ಹತ್ತಿ ಠಾಣೆಗೆ ಹೋದಳು. “ಹಲ್ಲು ಕಟ್ಟಿಸಿದ್ದು ಮೂಡುಬಿದಿರೆಯಲ್ಲಿ ಸಾರ್. ಅಲ್ಲಿ ಎಕ್ಸ್‌ರೇ ತೆಗೆದಿದ್ರು.”

“ನಿನ್ನೆ ಯಾಕೆ ಹೇಳ್ಲಿಲ್ಲ ಅಮ್ಮ?”

“ನೀವು ನನ್ನತ್ರ ಕೇಳ್ಲಿಲ್ಲ.”

ಎಸ್ಸೈ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ದಂತವೈದ್ಯರ ಕಂಪ್ಯೂಟರಿನಲ್ಲಿ ಎಕ್ಸ್‌ರೇ ಇತ್ತು. ಪಕ್ಕದ ಹಲ್ಲಿನ ಸೊಟ್ಟ ಬೇರು ಬುರುಡೆಯದಕ್ಕೆ ಸರಿಯಾಗಿ ಕೂಡಿತು. ಕಾಂತಿಗೆ ಗಂಡ ಸಿಕ್ಕಿದ, ಅಂದರೆ ಹೋದ.

ಬೊಜ್ಜಕ್ಕೆ ಹಾಲ್ ಹಿಡಿದರು. ತಮ್ಮನ ಪತ್ತೆಗಾಗಿ ತಾನು ಬೆಳ್ತಂಗಡಿ, ಮೂಡುಬಿದಿರೆ ಎಂದು ಅಲೆದ ಕಥೆಯನ್ನು ರುಕ್ಮಯ್ಯಣ್ಣ ನುಡಿನಮನದಲ್ಲಿ ಸವಿಸ್ತಾರವಾಗಿ ಹೇಳಿದರು. ಕಣ್ಣನ್ನೂ ಒರೆಸಿಕೊಂಡರು, ಬಹುಶಃ ನಿಜವಾಗಿಯೇ.

ಊಟದ ಪಂಕ್ತಿಯಿಂದ ಸಂಬಂಧಿಕ ಸುಬ್ಬಪ್ಪ ಕಾಂತಿಗೆ ಸಮಾಧಾನ ಹೇಳಿದರು: “ಇಂಥ ಭಾವ ಸಿಗ್ಲಿಕ್ಕೆ ಪುಣ್ಯ ಬೇಕು, ಮಗಾ.”

“ಹೌದು ಮಾವ,” ಎಂದಳು ಕಾಂತಿ, ಇಡೀ ಪಂಕ್ತಿಗೆ ಕೇಳುವಂತೆ. “ಅವರು ಅವತ್ತು ಹೊಡೆದು ಹಲ್ಲು ಉದುರಿಸದಿದ್ರೆ ನನಗೆ ಗಂಡನ ಗುರುತೇ ಸಿಗ್ತಿರ್ಲಿಲ್ಲ.”

ಸುಬ್ಬಪ್ಪ ಬೇಗ ಬೇಗ ಪಾಯಸ ಸುರಿದುಕೊಂಡರು.