ಕಾರಿನಲ್ಲಿ ಎಂತ ಇಲ್ಲ, ಅದು ಹೇಳಿ

ಮೊನ್ನೆ ಉಡುಪಿಯಲ್ಲಿ, ನನ್ನ ತಂಗಿಯ ಮಗ ಕೊಳ್ಳಬೇಕೆಂದಿದ್ದ ಹಳೆಯ ಪುಟ್ಟ ಕಾರೊಂದರ ಕಾಲಡಿಯ ಮ್ಯಾಟನ್ನು ಸುಮ್ಮನೆ ಎತ್ತಿ ನೋಡಿದೆ. ಗಪ್ಪೆಂದು ಮೂಗಿಗೆ ಬಡಿಯಿತು ಆ ವಾಸನೆ. ಒದ್ದೆ ಗೋಣಿ, ತುಕ್ಕು, ಹಳೆಯ ಪೆಟ್ರೋಲು ಎಲ್ಲ ಸೇರಿದ್ದು. ಮಾರುವ ಹುಡುಗ ಪಕ್ಕದಲ್ಲಿ ನಿಂತು, "ಎಲ್ಲ ಉಂಟು ಆಂಟಿ, ಎಸಿ ಉಂಟು, ಮ್ಯೂಸಿಕ್ ಉಂಟು" ಎನ್ನುತ್ತಲೇ ಇದ್ದ. ನನಗೆ ಅದು ಸರಿಯಾಗಿ ಕೇಳಿಸಲೇ ಇಲ್ಲ. ಉದ್ದ ಕಪ್ಪು ಕೊಡೆ ಹಿಡಿದ ಒಬ್ಬರು ಬಂದು ನನ್ನ ಹೆಗಲ ಹಿಂದೆ ನಿಂತ ಹಾಗಾಯಿತು. ಇಷ್ಟು ವರ್ಷಗಳ ಮೇಲೂ ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು.

ಅವರು ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವರು. ನಿವೃತ್ತ ಪೋಸ್ಟ್‌ಮಾಸ್ಟರ್. ಊರಿಗೆಲ್ಲ ಪೋಸ್ಟ್‌ಮಾಸ್ಟ್ರು, ನನಗೆ ಚಿಕ್ಕಂದಿನಿಂದ ಮಾಮ. ಕಾರು ಬಿಡಿ, ಅವರ ಹತ್ತಿರ ಸರಿಯಾದ ಸೈಕಲ್ ಕೂಡ ಇರಲಿಲ್ಲ. ಆದರೂ ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾರು ಹುಡುಕಲು ಹೊರಟಾಗ ಅವರೇ ನನ್ನ ತಜ್ಞರಾದರು. ನಾನು ಕೇಳಿರಲಿಲ್ಲ. ಅಮ್ಮ ಗಂಟು ಹಾಕಿದ್ದು.

ಕಾರು ನಮಗೆ ಶೋಕಿಗೆ ಬೇಕಾಗಿರಲಿಲ್ಲ. ಅಮ್ಮನಿಗೆ ಪಾರ್ಶ್ವವಾಯು ಆಗಿ ಎಡಗಾಲು ಎಳೆಯುತ್ತಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ತಪ್ಪಿಸದೆ ಬಂದರೆ ಮತ್ತೆ ನಡೆದಾರು, ಬಿಟ್ಟರೆ ಕಾಲು ಹಾಗೆಯೇ ಮರಗಟ್ಟಿ ಹೋಗುತ್ತದೆ ಎಂದು ಡಾಕ್ಟರು ನೇರವಾಗಿ ಹೇಳಿದ್ದರು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಗುಡ್ಡೆ ಹತ್ತಲು ಇನ್ನೊಂದು. ನಮ್ಮ ಬಸ್ಸುಗಳ ಅವಸರ ನಿಮಗೆ ಗೊತ್ತೇ ಇದೆ. ಅಮ್ಮ ಒಂದು ಕಾಲು ಮೆಟ್ಟಿಲ ಮೇಲೆ ಇಡುವಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" ಎಂದು ಕೂಗಿ ಆಗಿರುತ್ತಿತ್ತು. ಎರಡು ಸಲ ಬಿದ್ದರು. ಬೇಸಗೆಯಲ್ಲೇ ಹೀಗಾದರೆ ಮಳೆಗಾಲದಲ್ಲಿ ಆಗುವ ಹೋಗುವ ಮಾತಲ್ಲ. ತಂಗಿ ಬೊಂಬಾಯಿಯಲ್ಲಿ, ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಉಡುಪಿಯ ಶಾಲೆಯೊಂದರಲ್ಲಿ ಟೀಚರು. ಡ್ರೈವಿಂಗ್ ಕಲಿತೆ, ಲೈಸೆನ್ಸ್ ತೆಗೆದೆ, ಮಳೆ ಹಿಡಿಯುವ ಮೊದಲು ಒಂದು ಅಗ್ಗದ ಕಾರು ಬೇಕೆಂದು ಹೊರಟೆ. ಅಮ್ಮ ಮಾತ್ರ, "ಹೆಂಗಸು ಒಬ್ಬಳೇ ಹೋದರೆ ಟೋಪಿ ಹಾಕ್ತಾರೆ, ಪೋಸ್ಟ್‌ಮಾಸ್ಟ್ರನ್ನು ಕರಕೊಂಡು ಹೋಗು" ಎಂದು ಹಟ ಹಿಡಿದರು.

ಪೋಸ್ಟಾಫೀಸಿನಲ್ಲಿ ಅವರ ಪಾರ್ಸೆಲ್ ತಪಾಸಣೆ ಊರಿಗೇ ಪ್ರಸಿದ್ಧವಾಗಿತ್ತು. ನಮ್ಮ ಕಡೆ ಬೊಂಬಾಯಿಯಲ್ಲಿ ಮಕ್ಕಳಿಲ್ಲದ ಮನೆ ಕಡಿಮೆ. ಎಲ್ಲರೂ ಮಿಡಿ ಉಪ್ಪಿನಕಾಯಿ ಕಟ್ಟಿ ಕಳಿಸುವವರೇ. ಕೇಳಿದರೆ ಮಾತ್ರ "ಒಳಗೆ ಬಟ್ಟೆ ಉಂಟು" ಎನ್ನುತ್ತಿದ್ದರು. ಮಾಮ ಕಟ್ಟನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮೂಸಿ, ಮೂಲೆ ಒತ್ತಿ ಬೆರಳು ನೋಡಿಕೊಂಡು, "ವಾಪಸ್" ಎಂದು ಕೌಂಟರಿನಿಂದ ಆಚೆ ತಳ್ಳುತ್ತಿದ್ದರು. ನನ್ನ ಅಮ್ಮನ ಉಪ್ಪಿನಕಾಯಿಯೂ ಹಾಗೆ ಮನೆಗೆ ಮರಳಿದ್ದುಂಟು. ಬಟ್ಟೆಯೂ ಇತ್ತು, ಅದು ಸುಳ್ಳಲ್ಲ. ಭರಣಿಗೆ ಸುತ್ತಿದ ಬಟ್ಟೆ.

ಮೊದಲ ಕಾರು ನೋಡಿದ್ದು ಉಡುಪಿಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಗ್ಯಾರೇಜಿನಲ್ಲಿ. ಮಾರುವವರು ನನ್ನ ಮುಖ ನೋಡಲೇ ಇಲ್ಲ. ದುಡ್ಡು ನನ್ನದು, ಓಡಿಸುವವಳು ನಾನು, ಮಾತು ಮಾತ್ರ ಪೂರ್ತಿ ಮಾಮನ ಜೊತೆ. ನಾನೇ ನಡುವೆ ಬಾಯಿ ಹಾಕಿ ಕೇಳಿದೆ, ಹ್ಯಾಂಡ್‌ಬ್ರೇಕ್ ಉಂಟಾ? ಉಂಟು ಎಂದರು, ಮಾಮನ ಕಡೆ ನೋಡಿಕೊಂಡು. ವೈಪರ್ ಉಂಟಾ? ಉಂಟು. ನನಗೆ ಸಮಾಧಾನವಾಯಿತು. ಮಾಮ ಒಂದೂ ಪ್ರಶ್ನೆ ಕೇಳದೆ ಕಾರಿನ ಒಳಗೆ ಬಗ್ಗಿ, ಮ್ಯಾಟು ಎತ್ತಿ, ಕೊಡೆಯ ಉಕ್ಕಿನ ಮೊನೆಯಿಂದ ತಳವನ್ನು ಒಂದು ಸಲ ಕುಟ್ಟಿದರು. ಕೊಡೆ ಅರ್ಧದವರೆಗೆ ಕೆಳಗಿಳಿಯಿತು.

ನಾನು ನಾಚಿಕೆಯಿಂದ ಸತ್ತೇ ಹೋದೆ. ಮಾರುವವರು ಕೆಂಡವಾದರು. "ಎಂತ ಮಾರಾಯ್ರೆ, ಒಳ್ಳೆ ಗಾಡಿಗೆ ತೂತು ಮಾಡಿದ್ರಲ್ಲ ನೀವು!"

"ತೂತು ನಾನು ಮಾಡಿದ್ದಲ್ಲ. ಸಮುದ್ರದ ಗಾಳಿ ಮಾಡಿದ್ದು. ನಾನು ತೋರಿಸಿದ್ದು ಮಾತ್ರ," ಎಂದರು ಮಾಮ, ಕೊಡೆಯನ್ನು ನಿಧಾನಕ್ಕೆ ಎಳೆದು ತೆಗೆಯುತ್ತ. ಹೊರಡುವ ಮುಂಚೆ ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ಒಂದು ಬೆರಳಿನಿಂದ ನೂಕಿದರು. ಅದು ಸುಖವಾಗಿ ಹಿಂದೆ ಹೋಯಿತು. ಹ್ಯಾಂಡ್‌ಬ್ರೇಕ್ ಉಂಟು ಎಂದದ್ದು ಸುಳ್ಳಲ್ಲ, ಹಿಡಿ ಅಲ್ಲಿಯೇ ಇತ್ತು.

ಬಸ್ಸಿನಲ್ಲಿ ಅವರು ನನಗೆ ಪಾಠ ಮಾಡಿದರು. "ನಮ್ಮ ಊರಲ್ಲಿ ಉಂಟಾ ಅಂತ ಕೇಳಬಾರದು ಮಾರಾಯ್ತಿ. ಉಂಟು ಅಂತಲೇ ಹೇಳ್ತಾರೆ." ನನಗೆ ತಲೆ ಸಿಡಿಯುತ್ತಿತ್ತು. ಇವರ ಪಾಠ ಕೇಳಿಕೊಂಡು ಕೂತರೆ ಕಾರು ಸಿಗುವುದು ಯಾವಾಗ?

ಆಮೇಲೆ ಎಷ್ಟು ಕಾರು ನೋಡಿದೆವೋ... ಎಲ್ಲ ನೆನಪಿಲ್ಲ. ಒಂದರ ಆರ್.ಸಿ. ಪುಸ್ತಕದಲ್ಲಿ ಬಣ್ಣ ಬಿಳಿ, ಎದುರಿಗೆ ನಿಂತದ್ದು ಹಸಿರು. ಇನ್ನೊಂದರ ಮುಂದಿನ ಟಯರು ಒಂದೇ ಬದಿಗೆ ಸವೆದಿತ್ತು, ಎಲ್ಲಿಗೋ ಗುದ್ದಿಸಿಕೊಂಡು ಬಂದದ್ದೆಂದರು ಮಾಮ. ಪ್ರತಿ ಕಡೆಯೂ ಕೊನೆಗೊಂದು ವಿಚಿತ್ರ ಆಟವಿತ್ತು. ಮಾಮ ಮುಂದಿನ ಎಡಸೀಟಿನಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು. ಅದಕ್ಕೆ ಗಳಿಗೆಗಟ್ಟಲೆ ಹೊತ್ತು. ಹೊಸ ಸೋಫಾ ಸಿಕ್ಕಿದ ಮದುಮಗನ ಹಾಗೆ ಏನಿದು ಎಂದು ನಾನು ಹಲ್ಲು ಕಚ್ಚಿಕೊಂಡು ರಸ್ತೆಯ ಕಡೆ ನೋಡುತ್ತಿದ್ದೆ.

ಶಿರ್ವದ ಕಾರು ಮಾತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕೊಲ್ಲಿಯಿಂದ ಮರಳಿದವರ ದೊಡ್ಡ ಮನೆ, ಅಂಗಳದಲ್ಲಿ ಫಳಫಳ ಹೊಳೆಯುವ ನೀಲಿ ಕಾರು, ಒಳಗೆ ಟೇಪ್‌ರೆಕಾರ್ಡರ್. ಮಾಮ ಬಾನೆಟಿನ ಮೇಲೆ ಅಂಗೈ ಇಟ್ಟು, "ಬಿಸಿ ಉಂಟಲ್ಲ" ಎಂದರು. ಬೆಳಿಗ್ಗೆ ಅಂಗಡಿಗೆ ಹೋಗಿದ್ದೆ ಎಂದರು ಮನೆಯವರು. "ಹಾಗಾದ್ರೆ ತಣಿಯಲಿ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗ್ತದೆ ಅಂತ ನೋಡ್ಬೇಕು," ಎಂದು ಜಗಲಿಯಲ್ಲಿ ಕೂತೇಬಿಟ್ಟರು. ಕಾಫಿ ಬಂತು, ಕೇಕು ಬಂತು, ಮತ್ತೆ ಕಾಫಿ ಬಂತು. ಊಟದ ಹೊತ್ತಾಯಿತು. ಪಾಪ ಅವರು ಊಟಕ್ಕೂ ಎಬ್ಬಿಸಿದರು, ಇವರು ಊಟವನ್ನೂ ಮಾಡಿದರು! ಬಿಸಿಲು ಇಳಿದ ಮೇಲೆ ಕಾರು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದಿತು. ಹಿಂದಿನಿಂದ ಸ್ವಲ್ಪ ನೀಲಿ ಹೊಗೆ. ಮತ್ತೆ ಅದೇ ಕೂರುವ ಏಳುವ ಆಟ. ಆಮೇಲೆ ಅವರು ಆ ಮನೆಯವರಿಗೆ ಕೈ ಮುಗಿದು, ನನ್ನ ಕಿವಿಯ ಹತ್ತಿರ, "ವಾಪಸ್" ಎಂದರು.

ಆ ವಾರವೇ ಮಳೆ ಶುರುವಾಯಿತು. ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ಯುವುದು ತಪ್ಪಿತು. ಮುಂದಿನ ವಾರವೂ ತಪ್ಪಿತು. ಅಮ್ಮ ಜಗಲಿಯ ಕಂಬ ಹಿಡಿದು ನಿಂತು ಕಾಲು ಎತ್ತಲು ನೋಡುತ್ತಿದ್ದರು, ಅದು ಮೇಲೇಳುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೇಲಿಯ ಹತ್ತಿರ ಹೋಗಿ ಮಾಮನಿಗೆ ಎಲ್ಲ ಹೇಳಿಬಿಟ್ಟೆ. ನೀಲಿ ಕಾರು ಬೇರೆ ಯಾರೋ ಕೊಂಡರಂತೆ, ಅಮ್ಮನ ಕಾಲು ಮರಗಟ್ಟುತ್ತಿದೆ, ನೀವಿನ್ನು ನನ್ನ ಜೊತೆ ಬರುವುದು ಬೇಡ. ಕಾರ್ಕಳದಲ್ಲಿ ಒಂದು ಕಾರು ಉಂಟೆಂದು ಸುದ್ದಿ ಸಿಕ್ಕಿ ನಾನು ಆ ಭಾನುವಾರ ಬಸ್‌ಸ್ಟಾಪಿಗೆ ಹೋದರೆ, ಇವರು ಅಲ್ಲಿ ಕೊಡೆ ಬಿಡಿಸಿಕೊಂಡು ನಿಂತಿದ್ದಾರೆ. ಇಂಥವರಿಗೆ ಏನೆಂದು ಹೇಳುವುದು?

ಕಾರ್ಕಳದವರು ಬ್ಯಾರಿ ವ್ಯಾಪಾರಿ, ಮರದ ಅಂಗಡಿ. ನಾಲ್ಕು ಬಾಗಿಲಿನ, ಮಾಸಿದ ಬೂದಿ ಬಣ್ಣದ ಚಿಕ್ಕ ಕಾರು ಮಾಡಿನಡಿ ನಿಂತಿತ್ತು. ನೋಡಿದ ಕೂಡಲೇ ನನ್ನ ಉತ್ಸಾಹ ಇಳಿದುಹೋಯಿತು. ಮಾಮ ಅಂದು ಮೊದಲ ಸಲ ಪ್ರಶ್ನೆ ಕೇಳಿದರು.

"ಸಾಹುಕಾರ್ರೇ, ಇದರಲ್ಲಿ ಎಂತ ಇಲ್ಲ, ಅದು ಹೇಳಿ."

ಅವರು ನಕ್ಕುಬಿಟ್ಟರು. "ಕೇಳ್ತೀರಾದ್ರೆ ಹೇಳ್ತೇನೆ. ಹಾರ್ನ್ ಇಲ್ಲ. ವೈಪರ್ ಡ್ರೈವರಿನ ಬದಿಗೆ ಮಾತ್ರ. ರಿವರ್ಸ್ ಗೇರ್ ಒಂದೊಂದು ಸಲ ಬೀಳುದಿಲ್ಲ, ಇಳಿದು ನೂಕ್ಬೇಕು. ಘಾಟಿ ಹತ್ತಿಸಿದ್ರೆ ನೀರು ಕುದೀತದೆ. ಸುಳ್ಳು ಹೇಳಿ ಎಂತ ಮಾಡುದು? ನಾಳೆ ನೀವು ಇಲ್ಲಿಗೇ ಬರ್ತೀರಲ್ವಾ?"

ಮಾಮನ ಮುಖ ಅರಳಿತು. ಕೊಡೆ ಕುಟ್ಟಿದರು, ತಳ ಗಟ್ಟಿಯಾಗಿ ಠಣ್ ಎಂದಿತು. ಕಾರ್ಕಳದವರೆಗೆ ಸಮುದ್ರದ ಉಪ್ಪು ಬರುವುದಿಲ್ಲ. ಆಮೇಲೆ ಆ ಹಾಳು ಆಟ. ಆದರೆ ಅಂದು ಮಳೆ ಜೋರಾಗಿದ್ದರಿಂದ ನಾನು ರಸ್ತೆಯ ಕಡೆ ತಿರುಗದೆ ಮಾಡಿನಡಿ ಅವರ ಎದುರೇ ನಿಂತಿದ್ದೆ. ಆಗ ನೋಡಿದೆ. ಅವರು ಮೊದಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂತರು. ಬಲಗಾಲು ಒಳಗಿಟ್ಟರು. ಎಡಗಾಲನ್ನು, ಅದು ತಮ್ಮದಲ್ಲವೇನೋ ಎಂಬಂತೆ, ಎರಡೂ ಕೈಗಳಿಂದ ಮಂಡಿಯ ಕೆಳಗೆ ಹಿಡಿದು ಎತ್ತಿ ಒಳಗೆ ತಂದರು. ಇಳಿಯುವಾಗಲೂ ಹಾಗೆಯೇ, ಬಾಗಿಲಿನ ಚೌಕಟ್ಟು ಹಿಡಿದು. ಅದು ನನ್ನ ಅಮ್ಮ. ಅಮ್ಮ ಮಂಚ ಹತ್ತುವುದು, ಇಳಿಯುವುದು ಥೇಟ್ ಹಾಗೆಯೇ.

"ಆಗ್ತದೆ," ಎಂದರು ಮಾಮ. "ಶಿರ್ವದ ಸೀಟು ತಗ್ಗು. ಕೂತರೆ ಎಬ್ಬಿಸಲಿಕ್ಕೆ ಇಬ್ಬರು ಬೇಕು."

ನನಗೆ ಅಳುವೂ ಬಂತು, ಮೈಯೆಲ್ಲ ಉರಿಯಿತು ಕೂಡ. ಇದನ್ನು ಅಂದೇ ಹೇಳಲು ಏನಾಗಿತ್ತು ಎಂದು ಬಸ್ಸಿನಲ್ಲಿ ಜಗಳವಾಡಿದೆ. "ಅಮ್ಮನ ಕಾಲಿನ ವಿಷಯ ಕಂಡವರ ಎದುರು ಯಾಕೆ? ಅವರಿಗೆ ಬೇಜಾರು ಮಾರಾಯ್ತಿ," ಎಂದರು. ಕಂಡವರ ಎದುರು ಬೇಡ, ನನ್ನ ಎದುರು? ಅವರಿಗೆ ಅದು ತೋಚಿರಲೇ ಇಲ್ಲ ಎಂದು ಕಾಣುತ್ತದೆ. ಪಾರ್ಸೆಲ್ಲನ್ನು ಯಾಕೆ ವಾಪಸ್ ಮಾಡಿದೆ ಎಂದು ಅವರು ಯಾರಿಗೂ ಹೇಳಿದವರಲ್ಲ.

ಅವರ ಆಯ್ಕೆ ಅಂಥಾ ಘನವಾಗಿತ್ತು ಎಂದುಕೊಳ್ಳಬೇಡಿ. ಆ ಬೂದಿ ಕಾರು ನನಗೆ ಕೊಟ್ಟ ಕಷ್ಟ ಅಷ್ಟಿಷ್ಟಲ್ಲ. ಮಣಿಪಾಲದ ಏರಿನಲ್ಲಿ ಕುದಿದು ನಿಲ್ಲದ ದಿನವಿಲ್ಲ. ಬಾನೆಟ್ ಎತ್ತಿ ನೀರು ಹೊಯ್ಯುತ್ತ ನಿಂತಾಗ ಶಿರ್ವದ ಆ ನೀಲಿ ಕಾರು, ಯಾರೋ ಪುಣ್ಯಾತ್ಮರು ಕೊಂಡದ್ದು, ಪೀಂ ಎಂದು ಹಾರ್ನ್ ಮಾಡುತ್ತ ನಮ್ಮನ್ನು ದಾಟಿ ಹೋಗುತ್ತಿತ್ತು. ನಮಗೆ ತಿರುಗಿ ಹಾರ್ನ್ ಮಾಡಲು ಹಾರ್ನೂ ಇರಲಿಲ್ಲ. ಎಷ್ಟೋ ವರ್ಷ ಆ ನೀಲಿ ಕಾರು ಗುಂಡುಕಲ್ಲಿನ ಹಾಗೆ ಓಡಿತು. ಸಂಜೆ ಇದನ್ನು ಹೇಳಿ ರೇಗಾಡಿದರೆ ಮಾಮ, "ಅಮ್ಮ ಹತ್ತಿ ಇಳಿದರಲ್ಲ?" ಎಂದಷ್ಟೇ ಕೇಳುತ್ತಿದ್ದರು. ಹತ್ತಿ ಇಳಿದಿದ್ದರು. ಯಾರ ಕೈಯನ್ನೂ ಹಿಡಿಯದೆ. ಆಸ್ಪತ್ರೆಯ ಬಾಗಿಲಿನ ಜನರ ಎದುರು ಅಮ್ಮ ಸೆರಗು ಸರಿಮಾಡಿಕೊಂಡು, ತಾನೇ ಕಾಲೆತ್ತಿ ಹೊರಗಿಟ್ಟು, ತಾನೇ ಏಳುತ್ತಿದ್ದರು. ಆ ಮಳೆಗಾಲ ಪೂರ್ತಿ ನಾವು ಮತ್ತೆ ಒಂದು ಸಲವೂ ತಪ್ಪಿಸಲಿಲ್ಲ.

ಮಾಮ ಆ ಕಾರಿನಲ್ಲಿ ಕೂತದ್ದು ಅದನ್ನು ಕೊಳ್ಳುವ ಮೊದಲು ಮಾತ್ರ. ಬನ್ನಿ ಎಂದರೆ, ಕುದಿಯುವ ಗಾಡಿ ನನಗೆ ಬೇಡ ಎನ್ನುತ್ತಿದ್ದರು. ನೋಡಿ ಅವರ ಧೈರ್ಯ!

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅವರು ಎದ್ದೇಳಲಿಲ್ಲ. ಅವರ ಮನೆಗೆ ನಮ್ಮ ಗೇಟಿನಿಂದ ರಸ್ತೆ ಸುತ್ತಿ ಹೋಗಬೇಕಿತ್ತು. ಅಮ್ಮನ ಕಾಲಿನ ನೆನಪಾಗಿ ನಾನು ಕಾರು ತೆಗೆಯಲು ಹೊರಟೆ. ಅಮ್ಮ ತಡೆದರು. "ಕಾರು ಬೇಡ. ಅವರ ಮನೆಗೆ ನಾನು ನಡೆದೇ ಹೋಗ್ತೇನೆ." ಕೋಲನ್ನೂ ಜಗಲಿಯಲ್ಲೇ ಬಿಟ್ಟರು. ಅಮ್ಮ ಮುಂದೆ, ನಾನು ಹಿಂದೆ. ಎಡಗಾಲು ಸ್ವಲ್ಪ ತಡೆಯುತ್ತಿತ್ತು, ಆದರೆ ನಡೆದರು. ಒಳಗೆ ಹೋಗಿ ಅವರ ಕಾಲಬುಡದಲ್ಲಿ ನೆಟ್ಟಗೆ ನಿಂತರು, ಬಹಳ ಹೊತ್ತು... ಯಾರೋ ಕುರ್ಚಿ ತಂದರೆ ಬೇಡವೆಂದರು. ಅಮ್ಮನಿಗೆ ಅದನ್ನು ತೋರಿಸಬೇಕಾಗಿತ್ತು, ನೋಡುವವರು ಕಣ್ಣು ಮುಚ್ಚಿಕೊಂಡಿದ್ದರು.

ಈಗ ಅಮ್ಮನೂ ಇಲ್ಲ. ಮೊನ್ನೆ ಆ ಮ್ಯಾಟನ್ನು ಕೆಳಗೆ ಬಿಟ್ಟು, ಮಾರುವ ಹುಡುಗನನ್ನು ಕೇಳಿದೆ, "ಇದರಲ್ಲಿ ಎಂತ ಇಲ್ಲ, ಅದು ಹೇಳು." ಅವನು ತಬ್ಬಿಬ್ಬಾಗಿ ತಂಗಿಯ ಮಗನ ಮುಖ ನೋಡಿದ. ನಾನು ಮುಂದಿನ ಎಡಸೀಟಿನ ಅಂಚಿಗೆ ಕೂತು, ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಒಳಗೆ ತಂದೆ. ನಟಿಸಬೇಕಾಗಿಯೇ ಬರಲಿಲ್ಲ, ನನ್ನ ಮಂಡಿಗೂ ವಯಸ್ಸಾಗಿದೆ. "ದೊಡ್ಡಮ್ಮ, ಎಂತ ಮಾಡ್ತಿದ್ದೀರಿ? ಎಲ್ಲ ನೋಡ್ತಿದ್ದಾರೆ," ಎಂದು ತಂಗಿಯ ಮಗ ಹಲ್ಲು ಕಚ್ಚಿ ಪಿಸುಗುಟ್ಟಿ ರಸ್ತೆಯ ಕಡೆ ತಿರುಗಿ ನಿಂತ. ಸೀಟು ತೀರಾ ತಗ್ಗಾಗಿತ್ತು. ಏಳಲು ಆಗಲಿಲ್ಲ. ಅಲ್ಲಿಯೇ ಕೂತು, ವಾಪಸ್ ಎಂದು ಯಾರಾದರೂ ಹೇಳಲಿ ಎಂದು ಕಾದೆ.